ಹಸನ್ ಗಂಗೂ ಯಾರ ವಂಶದವನು?

ಕಲಬುರಗಿಯಿಂದ ಹೊರಟು ಕಮಲಾಪುರ, ಹುಮನಾಬಾದುಗಳನ್ನು ಹಾಯ್ದು ಹೋದರೆ ಬೀದರ ಸಿಕ್ಕುತ್ತದೆ. ಈ ಹಾದಿಯ ಒಂದು ತುದಿ ಬಹಮನಿ ಸುಲ್ತಾನರ ಮೊದಲ ರಾಜಧಾನಿ, ಮತ್ತೊಂದು ತುದಿ ಎರಡನೆಯದು. ಈ ಮನೆತನಕ್ಕೆ ‘ಬಹಮನಿ’ ಎಂಬ ಹೆಸರು ಬಂದದ್ದಾದರೂ ಎಲ್ಲಿಂದ?

ಶಾಲೆಯ ಪಾಠಪುಸ್ತಕದಲ್ಲಿ ಓದಿದ ಕಥೆ ಹಲವರಿಗೆ ನೆನಪಿರಬಹುದು. ದಿಲ್ಲಿಯಲ್ಲಿ ಗಂಗೂ ಎಂಬ ಬ್ರಾಹ್ಮಣ ಜೋಯಿಸನಿದ್ದ. ಅವನ ಆಳು ಹಸನ್. ಹೊಲ ಉಳುವಾಗ ನೇಗಿಲಿಗೆ ಹೊನ್ನು ತುಂಬಿದ ಪಾತ್ರೆ ತಗುಲಿತು. ಹಸನ್ ಅದನ್ನು ಮುಟ್ಟದೆ ಧಣಿಗೆ ಒಪ್ಪಿಸಿದ. ಮೆಚ್ಚಿದ ಜೋಯಿಸ, ನೀನು ಅರಸನಾಗುವೆ, ಆಗ ನನ್ನ ಹೆಸರನ್ನು ಸೇರಿಸಿಕೋ ಎಂದನಂತೆ. ಬ್ರಾಹ್ಮಣ ಶಬ್ದವೇ ಸವೆದು ‘ಬಹಮನ್’ ಆಯಿತೆಂದು ಕಥೆಯ ಮುಕ್ತಾಯ.

ಇದನ್ನು ಬರೆದವನು ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ. ಹಸನ್ ಪಟ್ಟವೇರಿದ್ದು 1347ರ ಆಗಸ್ಟ್ 3ರಂದು, ದೌಲತಾಬಾದಿನಲ್ಲಿ. ಫೆರಿಷ್ತಾ ಬರೆದದ್ದು ಹದಿನೇಳನೆಯ ಶತಮಾನದ ಆರಂಭದಲ್ಲಿ. ನಡುವೆ ಎರಡೂವರೆ ಶತಮಾನ! ಹಸನ್ ಹುಟ್ಟಿನಿಂದ ಬ್ರಾಹ್ಮಣನೆಂದು ಫೆರಿಷ್ತಾ ಹೇಳಿಲ್ಲ ಎಂಬುದನ್ನೂ ಗಮನಿಸಬೇಕು. ಅವನ ಮತದಲ್ಲಿ ಹಸನ್ ಅಫ್ಘನ್. ಬ್ರಾಹ್ಮಣನಿಂದ ಬಂದದ್ದು ಹೆಸರು ಮಾತ್ರ.

ಇನ್ನು ಎದುರು ಪಕ್ಷದ ಸಾಕ್ಷಿ ಇಸಾಮಿ ಕವಿ. ಅವನು ತನ್ನ ‘ಫುತೂಹ್-ಉಸ್-ಸಲಾತೀನ್’ ಕಾವ್ಯವನ್ನು 1350ರಲ್ಲಿ, ಹಸನ್ ಆಳುತ್ತಿದ್ದಾಗಲೇ ಮುಗಿಸಿದನು. ಅಲ್ಲಿ ಗಂಗೂವಿನ ಸುದ್ದಿಯಿಲ್ಲ. ಸುಲ್ತಾನನು ಇರಾನಿನ ಪುರಾತನ ವೀರ ಇಸ್ಫಂದಿಯಾರನ ಮಗ ಬಹ್ಮನನ ಪೀಳಿಗೆಯವನೆಂದು ಸೂಚನೆಯಿದೆ. ಹಸನನ ನಾಣ್ಯಗಳಲ್ಲಿಯೂ ‘ಬಹಮನ್ ಷಾ’ ಎಂದೇ ಇದೆ. ‘ಗಂಗೂ’ ಎಂಬುದು ‘ಕೈಕಾವೂಸ್’ ಎಂಬ ಪಾರಸಿ ಹೆಸರು ಅಪಭ್ರಂಶವಾಗಿ ಉಳಿದ ರೂಪವೆಂದು ಊಹಿಸುವ ವಿದ್ವಾಂಸರೂ ಇದ್ದಾರೆ.

ಹಾಗಾದರೆ ಇಸಾಮಿಯನ್ನು ನಂಬೋಣವೇ? ಅವನು ಸಮಕಾಲೀನನೇನೋ ಹೌದು. ಆದರೆ ಅರಸನ ಆಶ್ರಯದಲ್ಲಿದ್ದವನು. ದಿಲ್ಲಿಯ ತುಘಲಕನಿಗೆ ತಿರುಗಿಬಿದ್ದು ಸಿಂಹಾಸನವೇರಿದ ಸರದಾರನಿಗೆ ಹಳೆಯ ರಾಜವಂಶದ ಆಸರೆ ಬೇಕಾಗಿತ್ತು. ಇಂಥ ವಂಶಾವಳಿ ಹೊಗಳುಭಟರ ಸೃಷ್ಟಿಯೆಂದು ಫೆರಿಷ್ತಾನೇ ಸಂಶಯಪಟ್ಟಿದ್ದಾನೆ. ಈ ಪದ್ಧತಿ ನಮ್ಮ ಸೀಮೆಗೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯರು ತಮ್ಮ ಪೂರ್ವಿಕರಾದ 59 ಅರಸರು ಅಯೋಧ್ಯೆಯಲ್ಲಿ ಆಳಿದರೆಂದು ಶಾಸನಗಳಲ್ಲಿ ಬರೆಸಿದ್ದರು.

ಆದುದರಿಂದ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಹಸನ್ ತನ್ನನ್ನು ಏನೆಂದು ಕರೆದುಕೊಂಡ? ಇದಕ್ಕೆ ನಾಣ್ಯ ಉತ್ತರ ಕೊಡುತ್ತದೆ: ಬಹಮನ್ ಷಾ. ಅವನ ರಕ್ತ ಯಾರದು? ಇದಕ್ಕೆ ನಾಣ್ಯವೂ ಸಾಕ್ಷಿಯಲ್ಲ, ಕಾವ್ಯವೂ ಅಲ್ಲ. ನಾಣ್ಯ ಹೇಳುವುದು ಅರಸನ ಬಯಕೆಯನ್ನು. ನೇಗಿಲಿನ ಕಥೆ ಹೇಳುವುದು ಜನರ ಬಯಕೆಯನ್ನು. ಪ್ರಾಮಾಣಿಕನಾದ ಆಳಿಗೆ ರಾಜ್ಯ ದೊರೆಯಲಿ, ಅರಸನಾದವನು ಉಪಕಾರವನ್ನು ಮರೆಯದಿರಲಿ ಎಂಬ ಆಸೆ ಅದರಲ್ಲಿದೆ. ಆಸೆ ಸುಂದರವಾದದ್ದೇ, ಆದರೆ ಅದು ಇತಿಹಾಸವಲ್ಲ.

ಕಲಬುರಗಿಯ ಕೋಟೆಯಿಂದ ಪಶ್ಚಿಮಕ್ಕೆ, 1358ರಲ್ಲಿ ತೀರಿಕೊಂಡ ಈ ಸುಲ್ತಾನನ ಗೋರಿಯಿದೆ. ಒಳಕ್ಕೆ ವಾಲಿದ ಗೋಡೆಗಳು, ಮೇಲೊಂದು ತಗ್ಗಾದ ಗುಮ್ಮಟ, ಆಡಂಬರವಿಲ್ಲದ ಕಟ್ಟಡ. ವಂಶದ ವಾದ ಇಂದಿಗೂ ಮುಗಿದಿಲ್ಲ. ಅವನು ಕಟ್ಟಿದ ರಾಜ್ಯದ ವಿಷಯದಲ್ಲಿ ಮಾತ್ರ ಯಾರಿಗೂ ವಾದವಿಲ್ಲ.