ಅಪಸ್ಮಾರವೂ ಮಿದುಳಿನ ಕಡಲ್ಗುದುರೆಯೂ

ಅಪಸ್ಮಾರವೆಂಬ ಶಬ್ದಕ್ಕೆ ಆಯುರ್ವೇದದವರು ಸ್ಮೃತಿಯ ಲೋಪವೆಂದು ಅರ್ಥಮಾಡಿರುವರು. ಈ ರೋಗದ ಒಂದು ಪ್ರಭೇದದಲ್ಲಿ ವಿಕಾರಹೊಂದುವ ಮಿದುಳಿನ ಭಾಗವೂ ಸ್ಮೃತಿಗೆ ಆಧಾರವಾದುದೇ ಆಗಿದೆ. ಅದರ ಆಕಾರವನ್ನು ಕಡಲ್ಗುದುರೆಗೆ ಹೋಲಿಸಿ, ಇಟಲಿಯ ಅರಾಂಜಿಯೋ ಎಂಬ ಪಂಡಿತನು 16ನೆಯ ಶತಮಾನದಲ್ಲಿ ಅದನ್ನು ಹಿಪೊಕ್ಯಾಂಪಸ್ ಎಂದು ಕರೆದನು.

1825ರಲ್ಲಿ ಫ್ರಾನ್ಸಿನ ಬೂಷೆ, ಕಾಜೋವಿಯೆಯ್ ಎಂಬ ವೈದ್ಯರು ಮೃತರಾದ ಕೆಲವು ಅಪಸ್ಮಾರಿಗಳಲ್ಲಿ ಈ ಭಾಗವು ಗಡುಸಾಗಿದ್ದುದನ್ನು ಕಂಡರು. 1880ರಲ್ಲಿ ಜರ್ಮನಿಯ ಸೊಮ್ಮರನು ಅಲ್ಲಿ ನರಕೋಶಗಳು ನಶಿಸಿದ್ದ ಪ್ರದೇಶವನ್ನು ನಿರ್ದೇಶಿಸಿದನು. ಆದರೆ ಇದೆಲ್ಲವೂ ಶವಪರೀಕ್ಷೆಯಿಂದ ಬಂದ ಜ್ಞಾನ. ಬದುಕಿರುವ ರೋಗಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಈ ಕೊರತೆಯನ್ನು ನೀಗಿದುದು ಎಂ.ಆರ್.ಐ. ಎಂಬ ಕಾಂತೀಯ ಚಿತ್ರಣವು. 1990ರ ಸುಮಾರಿಗೆ, ಹಿಪೊಕ್ಯಾಂಪಸ್ಸಿನ ಗಾತ್ರವು ಕುಗ್ಗಿರುವುದೂ ಕೆಲವು ಬಗೆಯ ಚಿತ್ರಗಳಲ್ಲಿ ಅದು ಅಧಿಕವಾಗಿ ಬೆಳ್ಳಗೆ ತೋರುವುದೂ ಜೀವಂತ ರೋಗಿಯಲ್ಲಿಯೇ ಗೋಚರವಾದವು. ಔಷಧಕ್ಕೆ ಮಣಿಯದವರಲ್ಲಿ ಯಾರಿಗೆ ಶಸ್ತ್ರಚಿಕಿತ್ಸೆ ತಕ್ಕುದೆಂದು ನಿರ್ಣಯಿಸಲು ಇದು ನೆರವಾಯಿತು. ಆದರೂ ಚಿತ್ರವು ನಿರ್ದೋಷವಾಗಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಈ ವಿಕಾರವು ಅಪಸ್ಮಾರಕ್ಕೆ ಕಾರಣವೋ ಅದರ ಕಾರ್ಯವೋ ಎಂಬ ಹಳೆಯ ವಿವಾದವೂ ಪೂರ್ತಿಯಾಗಿ ತೀರಿಲ್ಲ.

ಹೀಗಿರಲು, ಪ್ರಾಚೀನರು ಇದೆಲ್ಲವನ್ನೂ ಅರಿತಿದ್ದರೆನ್ನುವುದು ಸಾಹಸವಾದೀತು. ಅವರು ರೋಗಿಯ ಲಕ್ಷಣವನ್ನು ನೋಡಿ ಹೆಸರಿಟ್ಟರು. ಆ ಲಕ್ಷಣದ ನೆಲೆಯನ್ನು ನೋಡುವ ಕಣ್ಣು ಈಚೆಗೆ ದೊರೆತುದು.