ಹಗೇವಿನ ದೀಪದಿಂದ ಗ್ಯಾಸ್ ಡಿಟೆಕ್ಟರ್‌ವರೆಗೆ: ಕೆಲಸದ ಜಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ಅಳೆಯುವುದು ಹೇಗೆ?

ರಾಯಚೂರು ಕಡೆಯಲ್ಲೂ ಗಡಿಯಾಚೆ ತೆಲಂಗಾಣದ ಕೃಷ್ಣಾ, ಮಕ್ತಲ್, ಗದ್ವಾಲ್ ಸೀಮೆಯಲ್ಲೂ ಜೋಳವನ್ನು ನೆಲದೊಳಗಿನ ಗುಂಡಿಯಲ್ಲಿ ತುಂಬಿಡುವ ಪದ್ಧತಿ ಹಿಂದೆ ಇತ್ತು. ಕನ್ನಡದವರು ಅದಕ್ಕೆ ಹಗೇವು ಅಂದರೆ, ತೆಲುಗಿನವರು ಪಾತರ ಅನ್ನುತ್ತಾರೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡುತ್ತಲೇ ಇರುತ್ತದೆ. ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಡೈಆಕ್ಸೈಡ್ ತುಂಬುತ್ತದೆ. ಒಳಗೆ ಹುಳು ಸಾಯುವುದು ಇದರಿಂದಲೇ, ಗೊತ್ತಿಲ್ಲದೆ ಇಳಿದ ಮನುಷ್ಯ ಸಾಯುವುದೂ ಇದರಿಂದಲೇ. ಅದಕ್ಕೇ ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಿದ್ದರು. ದೀಪ ಆರಿತೆಂದರೆ ಯಾರೂ ಇಳಿಯುತ್ತಿರಲಿಲ್ಲ.

ಆದರೆ ದೀಪವನ್ನು ಪೂರ್ತಿ ನಂಬುವ ಹಾಗಿಲ್ಲ. ಆಮ್ಲಜನಕ ಶೇ. 16-17ಕ್ಕೆ ಇಳಿಯುವವರೆಗೂ ಅದು ಉರಿಯಬಹುದು. ಅಷ್ಟರಲ್ಲಿ ಕಾರ್ಬನ್ ಡೈಆಕ್ಸೈಡ್ ಅಪಾಯದ ಮಟ್ಟ ಮುಟ್ಟಿರುತ್ತದೆ. ಮೀಥೇನ್ ಇರುವ ಗುಂಡಿಯಾದರೆ ದೀಪದಿಂದಲೇ ಸ್ಫೋಟ ಆಗಬಹುದು.

ಎಷ್ಟಿದ್ದರೆ ಅಪಾಯ?

ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 420 ಭಾಗ. 8 ಗಂಟೆಯ ಕೆಲಸಕ್ಕೆ ಸರಾಸರಿ ಮಿತಿ 5,000 ಪಿಪಿಎಂ. 15 ನಿಮಿಷದ ಮಿತಿ 30,000. 40,000 ಪಿಪಿಎಂ, ಅಂದರೆ ಶೇ. 4 ಮುಟ್ಟಿದರೆ ಜೀವಕ್ಕೇ ಅಪಾಯ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ ಇರುವುದರಿಂದ ಗುಂಡಿ, ಬಾವಿ, ನೆಲಮಾಳಿಗೆಯಲ್ಲಿ ಕೆಳಗೇ ನಿಲ್ಲುತ್ತದೆ. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕಾದ ಕ್ಯಾಮರೂನ್‌ನಲ್ಲಿ ನ್ಯೋಸ್ ಸರೋವರದಿಂದ ಹೊರಬಂದ ಇದೇ ಅನಿಲ ತಗ್ಗಿನ ಊರುಗಳಿಗೆ ಹರಿದು ಸುಮಾರು 1,700 ಜನರನ್ನು ಕೊಂದಿತು.

ಕರಾವಳಿಯ ವ್ಯಾಪಾರದಲ್ಲೂ ಈ ಅನಿಲ ಇದೆ. ಸೋಡಾ ಮತ್ತು ತಂಪು ಪಾನೀಯಕ್ಕೆ ಬಳಸುವ ಸಿಲಿಂಡರ್, ಐಸ್‌ಕ್ರೀಮ್ ಸಾಗಿಸುವ ಡ್ರೈ ಐಸ್, ಕೆಲವು ಕೋಲ್ಡ್ ಸ್ಟೋರೇಜ್, ಕೊಳೆತ ತ್ಯಾಜ್ಯದ ಟ್ಯಾಂಕ್, ಹೀಗೆ ಪಟ್ಟಿ ಉದ್ದವಿದೆ. 1 ಕಿಲೋ ಡ್ರೈ ಐಸ್ ಕರಗಿದರೆ 500 ಲೀಟರ್‌ಗೂ ಹೆಚ್ಚು ಗ್ಯಾಸ್ ಆಗುತ್ತದೆ. 10 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಎತ್ತರದ ಮುಚ್ಚಿದ ವ್ಯಾನಿನಲ್ಲಿ ಅಷ್ಟು ಗ್ಯಾಸ್ ಉಳಿದರೆ ಸುಮಾರು 50,000 ಪಿಪಿಎಂ ಆಯಿತು. ಕರಗುವುದು ನಿಧಾನ, ನಿಜ. ಆದರೆ ರಾತ್ರಿಯಿಡೀ ಮುಚ್ಚಿಟ್ಟ ಬಾಗಿಲನ್ನು ಬೆಳಗ್ಗೆ ತೆರೆದು ಕೂಡಲೇ ಒಳಗೆ ಹೋಗುವ ಹುಡುಗನಿಗೆ ಅದು ಗೊತ್ತಿರುವುದಿಲ್ಲ.

ಎಲ್ಲ ಡಿಟೆಕ್ಟರ್‌ಗಳೂ ಒಂದೇ ಅಲ್ಲ

ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಸಾಮಾನ್ಯವಾಗಿ ಸಿಗುವ ನಾಲ್ಕು ಗ್ಯಾಸ್‌ಗಳ ಡಿಟೆಕ್ಟರ್ ಆಮ್ಲಜನಕ, ಬೆಂಕಿ ಹಿಡಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್ ಮತ್ತು ಕಾರ್ಬನ್ ಮೊನಾಕ್ಸೈಡ್ ಅಳೆಯುತ್ತದೆ. ಮೊನಾಕ್ಸೈಡ್ ಬೇರೆ, ಡೈಆಕ್ಸೈಡ್ ಬೇರೆ. ಡೈಆಕ್ಸೈಡ್‌ಗೆ ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಎನ್‌ಡಿಐಆರ್ ಸೆನ್ಸರ್ ಬೇಕು.

‘ಆಮ್ಲಜನಕ ಕಡಿಮೆಯಾದರೆ ಹೇಗೂ ಅಲಾರಂ ಹೊಡೆಯುತ್ತಲ್ಲ’ ಅನ್ನುವ ವಾದವೂ ಇದೆ. ಲೆಕ್ಕ ಹಾಕಿ ನೋಡಿ. ಸಿಲಿಂಡರ್ ಸೋರಿ ಗಾಳಿಯಲ್ಲಿ ಶೇ. 5ರಷ್ಟು ಕಾರ್ಬನ್ ಡೈಆಕ್ಸೈಡ್ ಸೇರಿದರೆ ಆಮ್ಲಜನಕ ಶೇ. 20.9ರಿಂದ ಸುಮಾರು 19.9ಕ್ಕೆ ಇಳಿಯುತ್ತದೆ, ಅಷ್ಟೇ. ಅಲಾರಂ ಹೊಡೆಯುವುದು 19.5ಕ್ಕೆ. ಅಂದರೆ ಗಾಳಿ ಪ್ರಾಣಾಪಾಯದ ಮಟ್ಟ ದಾಟಿದ್ದರೂ ಯಂತ್ರ ಸುಮ್ಮನೆ ಇರುತ್ತದೆ.

ಬಳಸುವ ಕ್ರಮ

* ಒಳಗೆ ಹೋಗುವ ಮೊದಲು ಹೊರಗೆ ನಿಂತೇ ಪಂಪ್ ಮತ್ತು ಪೈಪ್ ಮೂಲಕ ಮೇಲೆ, ನಡುವೆ, ತಳದಲ್ಲಿ ಗಾಳಿ ಪರೀಕ್ಷಿಸಬೇಕು.
* ಒಳಗಿರುವಾಗ ಡಿಟೆಕ್ಟರ್ ಕಾಲರ್ ಹತ್ತಿರ, ಮೂಗಿನ ಸಮೀಪ ಇರಲಿ. ಜೇಬಿನೊಳಗೆ ಬೇಡ.
* ಪ್ರತಿದಿನ ಬಳಸುವ ಮೊದಲು ಪರೀಕ್ಷಾ ಗ್ಯಾಸ್ ಹಾಯಿಸಿ ಅಲಾರಂ ಹೊಡೆಯುತ್ತದೆಯೇ ನೋಡಬೇಕು. ನಮ್ಮ ಉಸಿರಿನಲ್ಲೇ ಸುಮಾರು ಶೇ. 4 ಕಾರ್ಬನ್ ಡೈಆಕ್ಸೈಡ್ ಇರುವುದರಿಂದ ಊದಿದರೂ ರೀಡಿಂಗ್ ಏರುತ್ತದೆ. ಆದರೆ ಅದು ಕ್ಯಾಲಿಬ್ರೇಷನ್‌ಗೆ ಬದಲಿ ಅಲ್ಲ.
* ಕಂಪೆನಿ ಹೇಳಿದ ಅವಧಿಗೆ ಸರಿಯಾಗಿ ಕ್ಯಾಲಿಬ್ರೇಷನ್ ಮಾಡಿಸಿ, ದಿನಾಂಕ ಬರೆದಿಡಬೇಕು.
* ಅಲಾರಂ ಹೊಡೆದರೆ ಕಾರಣ ಹುಡುಕುತ್ತಾ ನಿಲ್ಲದೆ ಹೊರಗೆ ಬರಬೇಕು.

ಎರಡನೆಯವನು ಇಳಿಯಬಾರದು

2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆ ಬಳಿಯ ಮೀನು ಸಂಸ್ಕರಣಾ ಘಟಕದ ತ್ಯಾಜ್ಯ ಟ್ಯಾಂಕ್‌ನಲ್ಲಿ ವಿಷಾನಿಲಕ್ಕೆ ಸಿಕ್ಕಿ ಪಶ್ಚಿಮ ಬಂಗಾಳದ ಐವರು ಕಾರ್ಮಿಕರು ಸತ್ತರು. ಕುಸಿದವನನ್ನು ಎತ್ತಲು ಇಳಿದವರೂ ಅವರಲ್ಲಿದ್ದರು. ಇಂಥ ಟ್ಯಾಂಕ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಇರುವ ಸಾಧ್ಯತೆ ಇರುವುದರಿಂದ ಡೈಆಕ್ಸೈಡ್ ಒಂದನ್ನೇ ಅಳೆದರೆ ಸಾಲದು. ಐದು ಗ್ಯಾಸ್‌ಗಳ ಡಿಟೆಕ್ಟರ್ ಬೇಕು.

ಪರೀಕ್ಷೆ ಮಾಡಿ ಲಿಖಿತ ಪ್ರಮಾಣಪತ್ರ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಉಪಕರಣ ಹಾಕಿ, ಬೆಲ್ಟಿಗೆ ಕಟ್ಟಿದ ಹಗ್ಗದ ತುದಿ ಹೊರಗಿನವನ ಕೈಯಲ್ಲಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 36ನೇ ಸೆಕ್ಷನ್‌ನಲ್ಲೇ ಬರೆದಿತ್ತು. ಕಾರ್ಖಾನೆಯ ಲೆಕ್ಕಕ್ಕೆ ಬಾರದ ಸಣ್ಣ ಅಂಗಡಿ, ಗೋದಾಮುಗಳಲ್ಲೂ ಗಾಳಿಯ ಗುಣ ಬದಲಾಗುವುದಿಲ್ಲ. ಡಿಟೆಕ್ಟರ್ ಖರೀದಿಸುವಾಗ ಅಂಗಡಿಯವನಲ್ಲಿ ಮೊದಲು ಕೇಳಬೇಕಾದ್ದು ರೇಟ್ ಅಲ್ಲ, ‘ಇದರಲ್ಲಿ ಡೈಆಕ್ಸೈಡ್ ಸೆನ್ಸರ್ ಉಂಟಾ?’ ಎಂದು.