ಉಪಗ್ರಹಚಿತ್ರಗಳ ಆಕರವಿಮರ್ಶೆ: ವಿಕಿರಣ ಮತ್ತು ವಿಜಯಪುರದ ಎರೆನೆಲ

ಭೂಬಳಕೆಯ ಚರಿತ್ರೆಗೆ ಕೈಫಿಯತ್ತು, ಗೆಜೆಟಿಯರ್ ಹಾಗೂ ಕಂದಾಯ ದಾಖಲೆಗಳಂತೆಯೇ ಉಪಗ್ರಹಚಿತ್ರಗಳೂ ಇಂದು ಆಕರಗಳಾಗಿವೆ. ಶಾಸನವನ್ನು ಓದುವ ವಿದ್ವಾಂಸರು ಅಕ್ಷರಗಳು ಸವೆದಿವೆಯೇ ಎಂಬುದನ್ನು ಮೊದಲು ಪರೀಕ್ಷಿಸುತ್ತಾರೆ. ಚಿತ್ರ ತೆಗೆದ ಕಣ್ಣೇ ಸವೆದಿರಬಹುದೆಂಬ ಎಚ್ಚರವೂ ಅಷ್ಟೇ ಅವಶ್ಯಕ.

ಭಾಸ್ಕರ ಉಪಗ್ರಹಗಳಲ್ಲಿ (೧೯೭೯, ೧೯೮೧) ಇದ್ದುದು ಸುಮಾರು ಒಂದು ಕಿ.ಮೀ. ಸೂಕ್ಷ್ಮತೆಯ ಟಿ.ವಿ. ಕ್ಯಾಮೆರಾಗಳು. ೧೯೮೮ರ ಮಾರ್ಚ್ ೧೭ರಂದು ಬೈಕನೂರಿನಿಂದ ಹಾರಿದ ಐ.ಆರ್.ಎಸ್.-೧ಎ, ಸಿ.ಸಿ.ಡಿ. ಎಂಬ ಸಿಲಿಕಾನ್ ಸಂವೇದಕವನ್ನು ಬಳಸಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿ ಸಮೀಪದ ಅದಮಾರಿನ ಯು. ಆರ್. ರಾವ್. ಲಿಸ್-೨ ಕ್ಯಾಮೆರಾದ ಒಂದು ಸಾಲಿನಲ್ಲಿ ೨೦೪೮ ಕೋಶಗಳು. ಒಂದೊಂದು ಕೋಶಕ್ಕೆ ೩೬.೨೫ ಮೀ. ಚೌಕದ ನೆಲ, ಅಂದರೆ ಸುಮಾರು ೧೩ ಗುಂಟೆ. ವಿಜಯಪುರದ ಗೋಳಗುಮ್ಮಟವು ಕೆಲವೇ ಚುಕ್ಕೆಗಳಾಗಿ ಉಳಿಯುವಷ್ಟು!

ಬರಗಾಲದ ಕಾಮಗಾರಿಯಲ್ಲಿ ಕೆರೆಯ ಹೂಳನ್ನು ಕೈಯಿಂದ ಕೈಗೆ ದಾಟಿಸುವಂತೆ, ಬೆಳಕಿನಿಂದ ಹುಟ್ಟಿದ ವಿದ್ಯುದಂಶವನ್ನು ಸಿ.ಸಿ.ಡಿ. ಹಂತಹಂತವಾಗಿ ಸಾಗಿಸುತ್ತದೆ. ೯೦೪ ಕಿ.ಮೀ. ಎತ್ತರದ ಕಕ್ಷೆಯಲ್ಲಿ, ವಿಶೇಷವಾಗಿ ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಸಾಗುವಾಗ, ಪ್ರೋಟಾನ್ ಕಣಗಳು ಸಿಲಿಕಾನಿನ ಪರಮಾಣುಗಳನ್ನು ಸ್ಥಾನಪಲ್ಲಟಗೊಳಿಸುತ್ತವೆ. ಆಗ ದಾಟಿಸುವ ದಾರಿಯಲ್ಲಿ ಅಂಶ ಸೋರುತ್ತದೆ. ಬೆಳಕಿಲ್ಲದಿದ್ದರೂ ಕೋಶದಲ್ಲಿ ಸುಳ್ಳು ಸಂಕೇತ ತುಂಬುತ್ತದೆ. ಲೋಹದ ಕವಚ ಕೆಲವನ್ನು ತಡೆದೀತು, ಹೆಚ್ಚು ಶಕ್ತಿಯ ಕಣಗಳನ್ನು ತಡೆಯದು. ಆದುದರಿಂದಲೇ ಬಿಡಿಭಾಗಗಳನ್ನು ಉಡಾವಣೆಗೆ ಮುನ್ನ ಕೋಬಾಲ್ಟ್-೬೦ರ ಗಾಮಾ ಕಿರಣಗಳಿಗೆ ಒಡ್ಡಿ ಪರೀಕ್ಷಿಸುವ ರೂಢಿ ಬೆಳೆದುದು. ಐ.ಆರ್.ಎಸ್. ಕ್ಯಾಮೆರಾಗಳಲ್ಲಿ ಕಕ್ಷೆಯಲ್ಲಿದ್ದಾಗಲೇ ಕೋಶಗಳನ್ನು ಒರೆಗೆ ಹಚ್ಚಲು ಎಲ್.ಇ.ಡಿ. ದೀಪಗಳಿದ್ದವು.

ವಿಜಯಪುರದಂಥ ಪ್ರದೇಶಕ್ಕೆ ಈ ತೊಡಕು ಹೆಚ್ಚು ತಟ್ಟುತ್ತದೆ. ಐ.ಆರ್.ಎಸ್.-೧ಎ ಬೆಳಕನ್ನು ೦ಯಿಂದ ೧೨೭ರವರೆಗಿನ ಅಂಕಗಳಲ್ಲಿ ಅಳೆಯುತ್ತಿತ್ತು. ಹಿಂಗಾರಿ ಜೋಳಕ್ಕಾಗಿ ಮುಂಗಾರಿನಲ್ಲಿ ಬರಿದಾಗಿ ಬಿಟ್ಟ ಎರೆಹೊಲ ಕಪ್ಪು. ಅದರ ಅಂಕ ಮೊದಲೇ ಚಿಕ್ಕದು. ಅದಕ್ಕೆ ನಾಲ್ಕೈದು ಸುಳ್ಳು ಅಂಕ ಕೂಡಿದರೂ ದೋಷದ ಪ್ರಮಾಣ ದೊಡ್ಡದಾಗುತ್ತದೆ. ಬೆಳೆಯ ಹಸಿರನ್ನು ಅಳೆಯಲು ಅವಕೆಂಪು ಮತ್ತು ಕೆಂಪು ಅಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸುತ್ತಾರೆ. ಎರಡಕ್ಕೂ ಒಂದೇ ಸುಳ್ಳು ಅಂಕ ಸೇರಿದರೆ ವ್ಯತ್ಯಾಸ ಬದಲಾಗದು, ಮೊತ್ತ ಮಾತ್ರ ಬೆಳೆಯುತ್ತದೆ. ಹಸಿರು ಕುಗ್ಗಿದಂತೆ ತೋರುತ್ತದೆ. ತಿದ್ದುಪಡಿಯಿಲ್ಲದ ಹಳೆಯ ಕಣ್ಣು ಹೀಗೆ ಇಲ್ಲದ ಬರವನ್ನು ದಾಖಲಿಸಬಲ್ಲದು.

ಮೂರು ವರ್ಷಕ್ಕೆಂದು ರೂಪಿಸಿದ ಐ.ಆರ್.ಎಸ್.-೧ಎ ೧೯೯೬ರ ಜುಲೈವರೆಗೆ ದುಡಿಯಿತು, ೧೯೯೧ರ ಐ.ಆರ್.ಎಸ್.-೧ಬಿ ಹನ್ನೆರಡು ವರ್ಷ ದಾಟಿತು. ಸಂವೇದಕಗಳ ಬಾಳಿಕೆಗೆ ಇದು ಹೆಮ್ಮೆಯ ಸಾಕ್ಷಿಯೇ ಹೌದು. ಆದರೆ ತಿಕೋಟಾ ಭಾಗದ ದ್ರಾಕ್ಷಿ ತೋಟಗಳ ವಿಸ್ತರಣೆಯನ್ನಾಗಲಿ, ತುಬಚಿ-ಬಬಲೇಶ್ವರ ಏತ ನೀರಾವರಿಗೆ ಮುಂಚಿನ ಒಣಭೂಮಿಯನ್ನಾಗಲಿ ಈ ಚಿತ್ರಗಳಿಂದ ನಿರ್ಧರಿಸುವವರು ಮೊದಲ ಮತ್ತು ಕೊನೆಯ ವರ್ಷಗಳ ಅಂಕಗಳನ್ನು ನೇರವಾಗಿ ಹೋಲಿಸಲಾಗದು. ಆಯಾ ಕಾಲದ ಒರೆಹಚ್ಚಿದ ಅಂಕಿಗಳನ್ನು ಜೊತೆಗಿಟ್ಟು, ಬದಲಾಗದ ಬಂಡೆನೆಲವನ್ನೂ ಆಳವಾದ ಕೆರೆಯ ನೀರನ್ನೂ ಎರಡೂ ಚಿತ್ರಗಳಲ್ಲಿ ಅಳೆದು ನೋಡಬೇಕಾಗುತ್ತದೆ. ಬರದ ವರ್ಷ ಕೆರೆಯೇ ಬತ್ತಿದ್ದರೆ ಉಳಿಯುವುದು ಬಂಡೆನೆಲವೊಂದೇ.